ಸರಿ ಇಲಿ ಮೊದಲು

ಪಟಾನ್‌ಚೆರು
3 ಮಾರ್ಚ್ 2024

ಅಪ್ಪಾ,

ಕ್ಷೇಮ ಕುಶಲ ಎಲ್ಲ ಬರೆದು ಎರಡು ಸಲ ಹರಿದು ಹಾಕಿದೆ. ನೀವು ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಮೂರು ತಿಂಗಳಾಯಿತು. ಫೋನ್ ಮಾಡಿದರೆ ಅವ್ವನ ಕೈಗೆ ಕೊಡುತ್ತೀರಿ. ಮನೆಗೆ ಬಂದರೆ ಮಾಳಿಗೆ ಹತ್ತಿ ಕೂಡುತ್ತೀರಿ. ಪಟಾನ್‌ಚೆರುವಿನಿಂದ ಸಿಕಂದರಾಬಾದಿಗೆ ಅಂಚೆಚೀಟಿ ಹಚ್ಚಿ ಅಪ್ಪನಿಗೆ ಪತ್ರ ಬರೆಯುವ ಮಗಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಇದು ಕೆಲಸದ ಪತ್ರ. ಬೇರೆ ಏನೂ ಕೇಳುವುದಿಲ್ಲ, ಹೆದರಬೇಡಿ.

ನಿಮಗೆ ಗೊತ್ತಿರುವುದನ್ನೇ ಒಂದು ಸಲ ಬರೆಯುತ್ತೇನೆ, ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂತ ಖಾತ್ರಿಯಾಗಲಿ. ಮಿದುಳಿನ ರಕ್ತನಾಳದ ಒಳಮೈ ಜೀವಕೋಶಗಳು ಅಂಚಿಗೆ ಅಂಚು ಬಿಗಿಯಾಗಿ ಹೊಲಿದುಕೊಂಡಿರುತ್ತವೆ. ಅದರಿಂದಲೇ ರಕ್ತದಲ್ಲಿದ್ದ ಕಂಡಕಂಡದ್ದೆಲ್ಲ ಮಿದುಳಿನೊಳಗೆ ನುಗ್ಗುವುದಿಲ್ಲ. ಈ ಹೊಲಿಗೆ ಒಮ್ಮೆ ಹಾಕಿ ಬಿಟ್ಟದ್ದಲ್ಲ. ಅಕ್ಕಪಕ್ಕದ ಜೀವಕೋಶಗಳು ದಿನವೂ ಪ್ರೋಟೀನಿನ ಸಂದೇಶ ಕಳಿಸುತ್ತಲೇ ಇರಬೇಕು: ಮುಚ್ಚಿಕೊಂಡಿರು, ಬಿಗಿಯಾಗಿರು. ಆ ಸಂದೇಶ ನಿಂತರೆ ಕೆಲವೇ ದಿನದಲ್ಲಿ ಹೊಲಿಗೆ ಸಡಿಲಾಗುತ್ತದೆ. ಇಷ್ಟು ಜಗತ್ತಿಗೆಲ್ಲ ಗೊತ್ತು.

ನಮ್ಮದು ಅದರೊಳಗಿನ ಒಂದು ಚೂರು. ನಾವಿಬ್ಬರೂ ಇದ್ದ ಸಂಸ್ಥೆಯಲ್ಲಿ ನನ್ನ ಗೈಡ್ ಆಗಿದ್ದ ಜಯತೀರ್ಥ ಸಾಹೇಬರು ಒಂದು ಪ್ರೋಟೀನು ಹಿಡಿದು, ತಮ್ಮ ಹೆಸರಿನ ಮೊದಲ ಅಕ್ಷರ ಇಟ್ಟು ಜೆ-4 ಅಂತ ಕರೆದರು. ಇಲಿಯಲ್ಲಿ ಜೆ-4 ಬಂದ್ ಮಾಡಿ, ರಕ್ತಕ್ಕೆ ನೀಲಿ ಬಣ್ಣ ಚುಚ್ಚಿದೆವು. ಸರಿ ಇದ್ದ ಇಲಿಯ ಮಿದುಳು ಬಿಳಿ. ಜೆ-4 ಇಲ್ಲದ ಇಲಿಯ ಮಿದುಳು ನೀಲಿ. ಅಂದರೆ ಗೋಡೆ ಕಾಯುವ ಸಂದೇಶಗಳಲ್ಲಿ ಜೆ-4 ಒಂದು. ಅದೇ ಲೇಖನವಾಯಿತು, ಅದರ ಮೇಲೆ ನನಗೆ ಪಿಎಚ್‌ಡಿ ಬಂತು, ಅದನ್ನು ನೋಡಿಯೇ ಈ ಔಷಧ ಕಂಪನಿಯವರು ನನ್ನನ್ನು ತಗೊಂಡರು. ಲಕ್ವಾ ಹೊಡೆದಾಗ ಈ ಗೋಡೆ ಒಡೆದು ಮಿದುಳು ಬಾತುಕೊಳ್ಳುತ್ತದಲ್ಲ, ಅಂಥ ರೋಗಿಗಳಿಗೆ ಜೆ-4 ಕೊಟ್ಟು ನೋಡಬೇಕು ಅಂತ ಇವರ ಯೋಚನೆ. ಡಿಸೆಂಬರಿಗೆ ಮೊದಲ ರೋಗಿ.

ಅದಕ್ಕೆ ಮುಂಚೆ ಹಳೆಯ ಪ್ರಯೋಗ ಇನ್ನೊಮ್ಮೆ ಮಾಡು ಅಂದರು. ಜೆ-4 ಇಲ್ಲದ ಹನ್ನೊಂದು ಇಲಿ ಮಾಡಿದೆ. ಹನ್ನೊಂದೂ ಬಿಳಿ.

2019ರ ಚಳಿಗಾಲದ ಆ ಹದಿನಾಲ್ಕು ಶನಿವಾರ ಇಲಿಗಳ ರಕ್ತ ತೊಳೆದದ್ದು ನಿಮ್ಮ ಕೈ. ಲೇಖನದಲ್ಲಿ ನನ್ನ ಕೈ ಅಂತಿದೆ. ನನ್ನ ಕೈ ನಡುಗುತ್ತಿತ್ತು ಅಂತ ನಮಗಿಬ್ಬರಿಗೂ ಗೊತ್ತು, ಸಾಹೇಬರಿಗೆ ಗೊತ್ತಿದ್ದೂ ಗೊತ್ತಿರಲಿಲ್ಲ. ಹೇಗೆ ತೊಳೆಯುತ್ತಿದ್ದಿರಿ, ಒಂದೊಂದೂ ಬರೆದು ಕಳಿಸಿ.

ಪಿಂಕಿ


ಸಿಕಂದರಾಬಾದ್
19 ಮಾರ್ಚ್ 2024

ಡಾಕ್ಟರ್ ಮಹಾನಂದಾ ಎ. ಅವರಿಗೆ,

ತಮ್ಮ ಪತ್ರ ತಲುಪಿತು. ಅಷ್ಟು ದೊಡ್ಡ ಕಂಪನಿಯಲ್ಲಿ ಇಲಿ ತೊಳೆಯುವುದು ಹೇಗೆ ಅಂತ ಹೇಳುವವರು ಒಬ್ಬರೂ ಇಲ್ಲ ಅಂತ ಓದಿ ಆಶ್ಚರ್ಯವಾಯಿತು. ಇಲಿಗಳಿಗೆ ಕಾಳು ಹಾಕುತ್ತಿದ್ದ ಅಟೆಂಡರನನ್ನು ಕೇಳುವ ಹೊತ್ತು ಬಂತೇ!

ಕೇಳಿರಿ. ಬಾಲದ ನರಕ್ಕೆ ಬಣ್ಣ ಚುಚ್ಚಿದ ಮೇಲೆ ತಾಸು ಬಿಡಬೇಕು. ಇಲಿಗೆ ಪೂರ್ತಿ ಅಮಲು ಬಂದಿದೆಯೋ ಇಲ್ಲವೋ ಕಾಲ್ಬೆರಳು ಚಿವುಟಿ ನೋಡಬೇಕು. ಎದೆ ತೆರೆದು, ಹೃದಯದ ಎಡಗಡೆ ಸೂಜಿ ಹಾಕಿ, ಬಲಗಡೆ ಒಂದು ಕತ್ತರಿಗೀರು. ಪಂಪಿನಿಂದ ಉಪ್ಪುನೀರು ಮೆಲ್ಲಗೆ ಬಿಡಬೇಕು. ಗಡಿಯಾರ ನೋಡುವುದು ಹುಡುಗರ ಕೆಲಸ. ನಾನು ಕಲೇಜಿ ನೋಡುತ್ತಿದ್ದೆ, ತಾವು ಯಕೃತ್ತು ಅನ್ನುವುದು. ಮೊದಲು ಕಡುಗೆಂಪು ಇದ್ದದ್ದು ತೊಳೆದಂತೆಲ್ಲ ತಿಳಿಯಾಗಿ, ಹಾಲು ಹೆಚ್ಚು ಹಾಕಿದ ಚಹಾದ ಬಣ್ಣಕ್ಕೆ ಬರುತ್ತದೆ. ಹೊರಗೆ ಹರಿಯುವ ನೀರು ತಿಳಿಯಾಗುತ್ತದೆ. ಎರಡೂ ಆದ ಮೇಲೆ ನಿಲ್ಲಿಸಬೇಕು. ನಾಳದಲ್ಲಿ ರಕ್ತ ಉಳಿದರೆ ರಕ್ತದೊಳಗಿನ ಬಣ್ಣವೂ ಉಳಿಯುತ್ತದೆ, ಗೋಡೆ ಗಟ್ಟಿ ಇದ್ದರೂ ಮಿದುಳು ನೀಲಿ ಕಾಣುತ್ತದೆ. ಇದು ತಮಗೆ ಗೊತ್ತಿರಬೇಕಲ್ಲ, ತಾವು ಓದಿದವರು.

ಸಾಹೇಬರ ಕಾಯ್ದೆಯನ್ನೂ ಪಾಲಿಸಿದ್ದೇನೆ: ಸರಿ ಇಲಿ ಮೊದಲು. ಬೆಳಿಗ್ಗೆ ಸರಿ ಇಲಿಗಳ ಮೇಲೆ ಕೈ ಕೂಡಿಸಿಕೊಂಡು, ಮಧ್ಯಾಹ್ನದ ಮೇಲೆ ಜೆ-4 ಇಲ್ಲದ ತುಟ್ಟಿ ಇಲಿಗಳು. ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ನನ್ನ ಕೈಗೆ ಹೆಸರಿಟ್ಟಿಲ್ಲ. ಹನ್ನೊಂದು ಬಿಳಿ ಬಂದರೆ ತಪ್ಪು ಅಲ್ಲಿಯ ಕೈಯಲ್ಲಿ ಹುಡುಕಬೇಕು.

ಇನ್ನೊಂದು ಮಾತು ಹಾಳೆಯ ಹಿಂಬದಿಗೆ ಇದೆ.

ಅಮರೇಶಪ್ಪ
ಅಟೆಂಡರ್ (ನಿವೃತ್ತ)


ಪಟಾನ್‌ಚೆರು
7 ಏಪ್ರಿಲ್ 2024

ಅಪ್ಪಾ,

ನೀವು ಹೇಳಿದಂತೆಯೇ, ಕಲೇಜಿ ನೋಡಿಯೇ, ಇನ್ನೂ ಎಂಟು ಮಾಡಿದೆ. ಈಗ ನನ್ನ ಕೈ ನಡುಗುವುದಿಲ್ಲ. ಎಂಟೂ ಬಿಳಿ.

ನಿಮ್ಮ ಪತ್ರದ ಹಿಂಬದಿ ಖಾಲಿ ಬಂದಿತ್ತು. ತಮಾಷೆ ಮಾಡಿದ್ದೀರಿ ಅಂದುಕೊಂಡೆ. ಬೆಳಕಿಗೆ ಹಿಡಿದಾಗ ಪೆನ್ನಿನ ಗೀರು ಕಂಡವು. ಪೆನ್ಸಿಲ್ ಮೆಲ್ಲಗೆ ಉಜ್ಜಿ ಓದಿದೆ. ನೀವು ಬರೆದದ್ದು ಹೀಗಿದೆ:

"ನಿನ್ನ ಪಿಎಚ್‌ಡಿ ಪರೀಕ್ಷೆಯ ದಿನ ಚಹಾ ತಂದವನು ನಾನು. ಹೊರಗಿನಿಂದ ಬಂದ ಪ್ರೊಫೆಸರು ನಿನ್ನ ತಂದೆ ಏನು ಮಾಡುತ್ತಾರೆ ಅಂತ ಕೇಳಿದರು. ಊರಿನಲ್ಲಿ ಹೊಲ ನೋಡುತ್ತಾರೆ ಅಂದಿ. ಆಮೇಲೆ ನನ್ನ ಕಡೆ ತಿರುಗಿ, ಅಮರೇಶಪ್ಪಾ, ಇನ್ನೊಂದು ಕಪ್ಪು ಇಲ್ಲಿಡ್ರಿ ಅಂದಿ. ನಮಗೆ ಹೊಲ ಎಲ್ಲಿದೆ ಪಿಂಕಿ? ಇದ್ದರೆ ತೋರಿಸು, ಹೋಗಿ ನೋಡಿಕೊಂಡಿರುತ್ತೇನೆ."

ನಾನು ಸಂಸ್ಥೆಗೆ ಸೇರಿದ ದಿನವೇ ಸಾಹೇಬರು, "ಅಪ್ಪ ಮಗಳು ಅಂತ ಇಬ್ರೂ ಎಲ್ಲೂ ಬಾಯಿ ಬಿಡಬ್ಯಾಡ್ರಿ, ವಶೀಲಿ ಅಂತಾರ" ಅಂದಿದ್ದರು ಅಂತ ಹೇಳಬಹುದು. ಆದರೆ ಕಪ್ಪು ಇಡ್ರಿ ಅನ್ನು ಅಂತ ಅವರೇನೂ ಹೇಳಿಕೊಟ್ಟಿರಲಿಲ್ಲ. ಆ ಮಾತು ನನ್ನದೇ. ನಾಚಿಕೆಯೂ ನನ್ನದೇ, ಆಗಿನದು ಒಂದು ಥರ, ಈಗಿನದು ಇನ್ನೊಂದು ಥರ.

ಈಗ ಕೇಳಲೇಬೇಕಾದದ್ದು ಕೇಳುತ್ತೇನೆ. ಶಾಯಿ ಮುಗಿದದ್ದು ನಿಮಗೆ ಕಾಣಲಿಲ್ಲ. ಪೂರ್ತಿ ಪುಟ ಬರೀ ಗೀರು ಎಳೆದು, ಮಡಚಿ, ಅಂಟಿಸಿ ಹಾಕಿದ್ದೀರಿ. ನಿಮ್ಮ ಅಕ್ಷರ ನೋಡಿ ಸಂಸ್ಥೆಯ ಬೋರ್ಡೆಲ್ಲ ನಿಮ್ಮ ಕೈಯಲ್ಲೇ ಬರೆಸುತ್ತಿದ್ದರು. ಈಗ ಸಾಲುಗಳು ಒಂದರ ಮೇಲೊಂದು ಹತ್ತಿವೆ.

ಕಣ್ಣು ಯಾವಾಗಿನಿಂದ ಹೀಗಾಗಿದೆ ಅಪ್ಪಾ? ಸರಿ ಇಲಿಗಳನ್ನು ಬೆಳಿಗ್ಗೆ ಕಿಟಕಿಯ ಬಿಸಿಲಿನಲ್ಲಿ ತೊಳೆಯುತ್ತಿದ್ದಿರಿ. ಜೆ-4 ಇಲ್ಲದವು ಬರುವ ಹೊತ್ತಿಗೆ ಸಂಜೆಯಾಗಿ ಆ ಮಂಕು ಟ್ಯೂಬ್‌ಲೈಟ್ ಹಚ್ಚುತ್ತಿದ್ದೆವು. ಆ ಬೆಳಕಿನಲ್ಲಿ ನಿಮಗೆ ಕಲೇಜಿಯ ಬಣ್ಣ ಕಾಣುತ್ತಿತ್ತೇ? ಡಿಸೆಂಬರಿನಲ್ಲಿ ಇದನ್ನು ಮನುಷ್ಯರಿಗೆ ಚುಚ್ಚುತ್ತಾರೆ.

ಪಿಂಕಿ


ಸಿಕಂದರಾಬಾದ್
20 ಏಪ್ರಿಲ್ 2024

ನನ್ನ ಕಣ್ಣು ಸರಿ ಇದೆ. ಸಂಸ್ಥೆಯ ಡಿಸ್ಪೆನ್ಸರಿಯಲ್ಲಿ ಪ್ರತಿ ವರ್ಷ ಪಾಸಾಗಿದ್ದೇನೆ, ಕಾಗದ ಬೇಕಾದರೆ ಕಳಿಸುತ್ತೇನೆ. ಅರವತ್ತಾದ ಮೇಲೂ ಮೂರು ವರ್ಷ ನನ್ನನ್ನು ಬಿಡದೆ ಇಟ್ಟುಕೊಂಡರು, ಕುರುಡನನ್ನು ಇಟ್ಟುಕೊಳ್ಳುತ್ತಾರೆಯೇ?

ಪೆನ್ನು ಕೆಟ್ಟಿತ್ತು. ಕೆಟ್ಟ ಪೆನ್ನು ಹಿಡಿದುಕೊಂಡು ಅಪ್ಪನ ಮೇಲೆ ಕೇಸು ಕಟ್ಟುವ ಮಗಳಿಗೆ ದೇವರು ಒಳ್ಳೆಯದು ಮಾಡಲಿ.

ಇನ್ನು ಬರೆಯಬೇಡ.

ಅಮರೇಶಪ್ಪ


ಸಿಕಂದರಾಬಾದ್
23 ಜೂನ್ 2024

ಪಿಂಕಿಗೆ ನಿನ್ನ ಅವ್ವ ಗುರುಬಾಯಿ ಮಾಡುವ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಬಾಜೂಕೇ ಕೂತಿರುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ಬರೆಯಬೇಡ ಅಂತ ನಿನಗೆ ಉತ್ತರ ಹಾಕಿ ಬಂದ ಮೇಲೆ ಎರಡು ದಿನ ಅನ್ನ ಬಿಟ್ಟರು. ಮೂರನೇ ದಿನ ನನ್ನ ಕರೆದು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇವತ್ತು ಎಷ್ಟನೇ ತಾರೀಖು ಓದು ಅಂದರು. ಓದಿದೆ. "ನಿನಗ ಅಲ್ಲಿಂದನ ಕಾಣತೈತೇನು?" ಅಂದರು. ಅಷ್ಟೇ. ಮರುದಿನ ಸರ್ಕಾರಿ ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ, ಹಣ್ಣಾಗಿ ಕಂದು ತಿರುಗಿದೆ, ಏಳೆಂಟು ವರ್ಷದ್ದು ಅಂದರು ಡಾಕ್ಟರು. "ಇಷ್ಟ್ ದಿನಾ ಹ್ಯಾಂಗ ಕೆಲಸಾ ಮಾಡಿದ್ರಿ ಯಜಮಾನ್ರ?" ಅಂತ ಕೇಳಿದರು. ಇವರು ಮೇಲೆ ನೋಡುತ್ತಾ ಕೂತರು.

ಹೋದ ವಾರ ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದವರು ಪಡಸಾಲೆಯ ಗೋಡೆ ಮುಟ್ಟಿ ಮುಟ್ಟಿ ನೋಡಿದರು. "ಇದಕ್ಕ ನೀಲಿ ಸುಣ್ಣಾ ಯಾವಾಗ ಹೊಡಿಸಿದಿ?" ಅಂದರು. ನಿನ್ನ ಕಾಲೇಜು ಮುಗಿದ ವರ್ಷ ಹೊಡೆಸಿದ್ದು ಅಂದೆ. ಆಗ ಅತ್ತರು ಪಿಂಕಿ. ನಿಮ್ಮಜ್ಜ ಸತ್ತಾಗಲೂ ಅತ್ತವರಲ್ಲ.

ಆವತ್ತೇ ನನಗೂ ಎಲ್ಲ ಹೇಳಿದರು. ನಾನು ಇಷ್ಟು ವರ್ಷ ಇವರು ಇಲಿಗೆ ಕಾಳು ನೀರು ಹಾಕುತ್ತಾರೆ ಅಂತ ತಿಳಿದಿದ್ದೆ. ಕೊಯ್ಯುತ್ತಿದ್ದರಂತೆ. ಲಿಂಗ ಕಟ್ಟಿದ ಕೊರಳು, ಆ ಕೈಯಲ್ಲೇ ಮನೆಗೆ ಬಂದು ಪೂಜೆಗೆ ಕೂಡುತ್ತಿದ್ದರು. ಅಲ್ಲೇ ನಳದ ಕೆಳಗೆ ತಲೆ ತುಂಬ ಸ್ನಾನ ಮಾಡಿ ಬರುತ್ತಿದ್ದೆ ಅಂದರು. ನನಗೆ ಸಿಟ್ಟು ಬಂದದ್ದು ಕೊಯ್ದದ್ದಕ್ಕಲ್ಲ. ಮನೆಯಲ್ಲಿ ನನ್ನನ್ನೊಬ್ಬಳನ್ನು ಬಿಟ್ಟು ನೀವಿಬ್ಬರೂ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲ್ಲ, ಅದಕ್ಕೆ.

ಅವರಿಗೆ ಸಿಟ್ಟಿನಲ್ಲಿ ಏನೂ ಬರೆಯಬೇಡ. ಅವರೇ ಬರೆಯುತ್ತಾರೆ.

ಗುರುಬಾಯಿ


ಸಿಕಂದರಾಬಾದ್
14 ಜುಲೈ 2024

ಪಿಂಕಿ,

ಇದನ್ನು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ಎಷ್ಟು ನೀಲಿ ಇರುತ್ತದೆ ನೀಲಿ ಅಂತ ಮರೆತೇ ಹೋಗಿತ್ತು.

ನೀನು ಕೇಳಿದ್ದು ನಿಜ. ಸಂಜೆ ನನಗೆ ಕಲೇಜಿ ಕಾಣುತ್ತಿರಲಿಲ್ಲ. ಕೆಂಪು, ಕಂದು, ತಿಳಿ ಎಲ್ಲವೂ ಒಂದೇ ಹೊಗೆಯ ಬಣ್ಣ. ಬೆಳಿಗ್ಗೆ ಎಷ್ಟು ಹೊತ್ತು ಹಿಡಿದಿತ್ತೋ ಅದೇ ಅಂದಾಜಿನ ಮೇಲೆ ಪಂಪು ನಿಲ್ಲಿಸುತ್ತಿದ್ದೆ. ಆದರೆ ಸಂಜೆ ಕೈಯೂ ಸೋತಿರುತ್ತಿತ್ತು, ಸೂಜಿ ಸರಿಯಾಗಿ ಕೂತಿದೆಯೋ ಇಲ್ಲವೋ ಅದೂ ಕಾಣುತ್ತಿರಲಿಲ್ಲ. ನೀನು ಬಾಗಿಲ ಹೊರಗೆ ಬೆನ್ನು ಮಾಡಿ ನಿಂತು, "ಆತೇನ್ ಅಪ್ಪಾ, ಆತೇನ್?" ಅನ್ನುತ್ತಿದ್ದಿ. ಆತವ್ವಾ ಅಂತ ನಿಲ್ಲಿಸಿಬಿಡುತ್ತಿದ್ದೆ.

ಡಿಸ್ಪೆನ್ಸರಿಯ ವಿಷಯವನ್ನೂ ಹೇಳುತ್ತೇನೆ. ಅಲ್ಲಿಯ ಗೋಡೆಯ ಮೇಲಿನ ಅಕ್ಷರದ ಹಲಗೆ ಇಪ್ಪತ್ತು ವರ್ಷದಿಂದ ಬದಲಾಗಿಲ್ಲ. ಅದನ್ನು ಬಾಯಿಪಾಠ ಮಾಡಿದ್ದೆ. ಈಗಲೂ ಕೇಳು, ಕೆಳಗಿನ ಸಾಲಿನವರೆಗೆ ಹೇಳುತ್ತೇನೆ.

ಯಾಕೆ ಮುಚ್ಚಿಟ್ಟೆ ಅಂತ ನೀನು ಕೇಳಿಲ್ಲ, ಕೇಳದಿದ್ದರೂ ಬರೆಯುತ್ತೇನೆ. ನೌಕರಿ ಹೋದೀತು ಅನ್ನುವ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಶನಿವಾರ ಸಂಸ್ಥೆಯಲ್ಲಿ ಯಾರೂ ಇರುತ್ತಿರಲಿಲ್ಲ. ವಾರದ ಆರು ದಿನದಲ್ಲಿ ಅದೊಂದೇ ದಿನ ನೀನು ಆ ಕಟ್ಟಡದಲ್ಲಿ ನನ್ನನ್ನು ಅಪ್ಪಾ ಅಂತ ಕರೆಯುತ್ತಿದ್ದದ್ದು. ಕಣ್ಣು ಹೋಗಿದೆ ಅಂದಿದ್ದರೆ ಶನಿವಾರವೂ ಹೋಗುತ್ತಿತ್ತು.

ಈಗ ನನ್ನ ಮಾತು ಕೇಳು. ಲೇಖನದಲ್ಲಿ ತಪ್ಪಾಗಿದೆ ಅಂತ ಪತ್ರಿಕೆಗೆ ಬರೆದುಕೊಡಬೇಕು ಅಲ್ಲವೇ? ಬರೆ. ಆದರೆ ನನ್ನ ಹೆಸರು ಹಾಕಿ ಬರೆ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಇಲಿ ಸರಿಯಾಗಿ ತೊಳೆದೆ, ಅದರ ಮೇಲೆ ಎಷ್ಟೋ ಲೇಖನ ಬಂದವು, ಒಂದರಲ್ಲೂ ನಾನಿಲ್ಲ. ನಿನ್ನ ಹೆಸರಿನ ಪಕ್ಕ ಒಂದು ಎ ಇದೆ, ಅದು ಏನು ಅಂತ ಯಾರೂ ಕೇಳಿಲ್ಲ, ನೀನೂ ಹೇಳಿಲ್ಲ. ಒಳ್ಳೆಯದರಲ್ಲಿ ಬರದ ಹೆಸರು ತಪ್ಪಿನಲ್ಲಾದರೂ ಬರಲಿ. ಓಣಿಯವರು ಇಲಿ ಕೊಯ್ದವ ಅಂದರೆ ಅನ್ನಲಿ. ತೊಳೆದವನು ಅಮರೇಶಪ್ಪ ಅಂತ ಇರಬೇಕು.

ಅಪ್ಪ


ಪಟಾನ್‌ಚೆರು
25 ಆಗಸ್ಟ್ 2024

ಅಪ್ಪಾ,

ನಿಮ್ಮ ಪತ್ರ ಬಂದು ತಿಂಗಳ ಮೇಲಾಯಿತು. ಈಗ ಎಲ್ಲ ಮುಗಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂಸ್ಥೆಗೆ ಹೋಗಿ ಫ್ರೀಜರಿನಲ್ಲಿದ್ದ ನಮ್ಮ ಹಳೆಯ ಮಿದುಳಿನ ಚೂರುಗಳನ್ನು ತೆಗೆಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಬಣ್ಣವೆಲ್ಲ ನಾಳದ ಒಳಗೇ ಇದೆ ಅಪ್ಪಾ. ಒಂದು ಹನಿಯೂ ಗೋಡೆ ದಾಟಿಲ್ಲ. ಜೆ-4 ಇರಲಿ ಬಿಡಲಿ, ಗೋಡೆ ಗಟ್ಟಿಯಾಗಿಯೇ ಇತ್ತು. ನಾಳದಲ್ಲಿ ಉಳಿದ ರಕ್ತವನ್ನು ನಾವು ಸೋರಿದ್ದು ಅಂತ ಅಳೆದೆವು. ಒಂದೇ ಒಂದು ಚೂರನ್ನು ಆಗಲೇ ಹೀಗೆ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಲೇಖನ ಪರಿಶೀಲಿಸಿದವರೊಬ್ಬರು ನೋಡಿ ಅಂತ ಹೇಳಿಯೂ ಇದ್ದರು. ಅಗತ್ಯವಿಲ್ಲ ಅಂತ ಸಾಹೇಬರು ಉತ್ತರ ಬರೆಸಿದರು, ಬರೆದವಳು ನಾನು. ನಮಗೆ ಬೇಕಾದದ್ದು ಬಂದಿತ್ತಲ್ಲ. ಇಲಿಗಳನ್ನು ಕಲೆಸಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ತೊಳೆಯಬೇಕು ಅನ್ನುವುದು ಮೊದಲ ವರ್ಷದ ಪಾಠ. ಸರಿ ಇಲಿ ಮೊದಲು ಅಂತ ಮಡಿಯ ಹಾಗೆ ಪಾಲಿಸಿದೆವು. ತಪ್ಪು ನಿಮ್ಮ ಕಣ್ಣಿನದೊಂದೇ ಅಲ್ಲ.

ಕಾಚಿಗುಡದ ಮನೆಗೆ ಹೋಗಿ ಸಾಹೇಬರನ್ನು ಕಂಡೆ. ಚೂರುಗಳ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ಹೋತು ಬಿಡಮ್ಮಾ. ವಾಪಸ್ ತಗೋಳೋಣು. ಕಾರಣ ಏನಂತ ಬರೀತಿ?"

ಅಮರೇಶಪ್ಪನವರು ತೊಳೆದದ್ದು, ಅವರ ಕಣ್ಣಿಗೆ ಪೊರೆ ಇತ್ತು ಅಂತ ಬರೆಯುತ್ತೇನೆ ಅಂದೆ.

"ಹುಚ್ಚಿ ಇದ್ದೀಯೇನು? ಇಲಿ ಮುಟ್ಟಲಿಕ್ಕೆ ಪರ್ಮಿಷನ್ ತಗೊಂಡವರ ಪಟ್ಟಿನ್ಯಾಗ ಅವನ ಹೆಸರ ಇಲ್ಲ. ಅಟೆಂಡರ್ ಕೈಲೆ ಮಾಡಿಸಿ, ನಾನ ಮಾಡೀನಿ ಅಂತ ಸಹಿ ಹಾಕೀದಿ ನೀನು. ಯೂನಿವರ್ಸಿಟಿಯವರು ಡಿಗ್ರೀನ ಕಿತ್ಕೋತಾರ. ವಿದ್ಯಾರ್ಥಿನಿ ಕೈತಪ್ಪು ಅಂತ ಬರಿ. ಅನುಭವ ಇದ್ದಿಲ್ಲ, ತೊಳಿಯೋದು ಪೂರ್ತಿ ಆಗಿಲ್ಲ. ಅದಕ್ಕ ಯಾರೂ ಗಲ್ಲಿಗೆ ಹಾಕಂಗಿಲ್ಲ."

ನಾನು ಹಾಗೇ ಬರೆದುಕೊಟ್ಟೆ. ತೊಳೆದವಳು ನಾನು, ತಪ್ಪು ನನ್ನದು. ಡಿಗ್ರಿ ಉಳಿಸಿಕೊಳ್ಳಲು ಮಾಡಿದೆ ಅಂತ ನೀವು ಅಂದುಕೊಳ್ಳುತ್ತೀರಿ. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ವಯಸ್ಸಿನಲ್ಲಿ ನಿಮ್ಮನ್ನು ವಿಚಾರಣೆಗೆ ಕರೆದು, ಆ ಕಣ್ಣಿನ ಹಲಗೆಯ ಮುಂದೆ ಇನ್ನೊಮ್ಮೆ ನಿಲ್ಲಿಸುವುದು ನನಗೆ ಬೇಡವಾಗಿತ್ತು. ಕಂಪನಿಗೂ ತಿಳಿಸಿದ್ದೇನೆ. ಜೆ-4 ಕೆಲಸ ನಿಂತಿತು, ಯಾವ ರೋಗಿಗೂ ಅದನ್ನು ಕೊಡುವುದಿಲ್ಲ. ನನಗೆ ಈ ತಿಂಗಳ ಕೊನೆಯವರೆಗೆ ಮಾತ್ರ ಕೆಲಸಕ್ಕೆ ಬರಲು ಹೇಳಿದ್ದಾರೆ.

ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ನಿಶ್ಚಿಂತೆಯಿಂದ ಇರಿ.

ಪಿಂಕಿ


ಸಿಕಂದರಾಬಾದ್
22 ಸೆಪ್ಟೆಂಬರ್ 2024

ಪಿಂಕಿ,

ಅಪ್ಪನನ್ನು ಉಳಿಸಿದಳು ಮಗಳು ಅಂತ ನಿನ್ನ ಅವ್ವ ಎರಡು ದಿನ ಹಿಗ್ಗಿ ಹೀರೇಕಾಯಿಯಾದಳು. ನನಗೆ ಮೈಯೆಲ್ಲ ಉರಿಯಿತು. ನಾನು ಉಳಿಸು ಅಂತ ಕೇಳಿದ್ದೆನೇ? ಏನು ಕೇಳಿದ್ದೆ, ಪತ್ರ ತೆಗೆದು ಇನ್ನೊಮ್ಮೆ ಓದು. ಕನ್ನಡದಲ್ಲೇ ಬರೆದಿದ್ದೆ.

ಹೋದ ಸೋಮವಾರ ಸಂಸ್ಥೆಗೆ ಹೋಗಿದ್ದೆ, ತೊಳೆದವನು ನಾನು ಅಂತ ಬರೆದುಕೊಡಲು. ಗೇಟಿನಲ್ಲಿ ಹೊಸ ಹುಡುಗರು, ಯಾರು ಬೇಕು ತಾತಾ ಅಂದರು. ಆಫೀಸಿನ ಕಲ್ಲೇಶ ಗುರುತು ಹಿಡಿದು ಒಳಗೆ ಕರೆದ. ನನ್ನ ಮಾತು ಕೇಳಿ ಹಳೆಯ ರಿಜಿಸ್ಟರುಗಳನ್ನು ತಂದ, ಪಾಪ, ಧೂಳು ಒರೆಸಿ ಒಂದೊಂದೇ ಹಾಳೆ ತಿರುವಿದ. ಕಾಳು ಹಾಕಿದ್ದು ನನ್ನ ಸಹಿ. ಪಂಜರ ತೊಳೆದದ್ದು ನನ್ನ ಸಹಿ. ಇಲಿ ತೊಳೆದ ಕಡೆ ಹುಡುಕಿದರೆ ಎಲ್ಲ ಡಾಕ್ಟರುಗಳ ಸಹಿ, ಹುಡುಗ ಹುಡುಗಿಯರ ಸಹಿ, ನಿನ್ನ ಸಹಿ.

"ನೀವು ಈ ಕೆಲಸಾ ಮಾಡೇ ಇಲ್ಲಲ್ರಿ ಮಾವಾರ. ಮಾಡದ ತಪ್ಪು ಒಪ್ಕೊಳ್ಳಾಕ ಯಾಕ ಬಂದೀರಿ?" ಅಂದ ಕಲ್ಲೇಶ. ನಗುತ್ತಲೇ ಅಂದ. ಚಹಾ ಕುಡಿಸಿ ಬಸ್‌ಸ್ಟಾಪಿನವರೆಗೆ ಬಂದ. ನಾನು ಇಪ್ಪತ್ತಾರು ವರ್ಷ ಮಾಡಿದ ಕೆಲಸ ನಾನು ಮಾಡಿಲ್ಲ ಅಂತ ಸಾಬೀತಾಯಿತು.

ನೀನು ಎರಡು ಸಲ ನನ್ನ ಗುರುತಿಲ್ಲ ಅಂದಿದ್ದೀ. ಮೊದಲ ಸಲ ನಾಚಿಕೆಗೆ, ಈ ಸಲ ಪ್ರೀತಿಗೆ. ನನಗೇನೂ ಫರಕು ಕಾಣಲಿಲ್ಲ.

ಈಗ ಹೇಳುತ್ತೇನೆ ಕೇಳು. ನಿನ್ನ ಲೇಖನದ ಪ್ರತಿ ಮನೆಯಲ್ಲಿತ್ತು. ಅದರಲ್ಲಿದ್ದ ಪತ್ರಿಕೆಯ ವಿಳಾಸವನ್ನು ಒಂದೊಂದೇ ಅಕ್ಷರ ನೋಡಿ ಲಕೋಟೆಯ ಮೇಲೆ ಬರೆದೆ. ಒಳಗೆ ಮೂರು ಪುಟ. ಯಾವ ವರ್ಷ, ಎಷ್ಟು ಶನಿವಾರ, ಬೆಳಿಗ್ಗೆ ಹೇಗೆ, ಸಂಜೆ ಹೇಗೆ, ಕಣ್ಣು ಹೇಗಿತ್ತು, ಎಲ್ಲ ಇದೆ. ಲೇಖನದ ಹೆಸರೊಂದನ್ನು ಇಂಗ್ಲಿಷಿನಲ್ಲಿ ಕಾಪಿ ಮಾಡಿದೆ, ಉಳಿದದ್ದು ಕನ್ನಡ. ನನಗೆ ಬರುವುದು ಅದೊಂದೇ. ಅಬಿಡ್ಸ್ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದಿದ್ದೇನೆ.

ಅಲ್ಲಿ ಕನ್ನಡ ಓದುವವರು ಯಾರೂ ಇರುವುದಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಇದೇನು ಅಂತ ನಿನ್ನನ್ನೇ ಕೇಳುತ್ತಾರೆ. ಏನು ಹೇಳುತ್ತೀಯೋ ಹೇಳು.

ಅಮರೇಶಪ್ಪ


ಪಟಾನ್‌ಚೆರು
2 ಫೆಬ್ರವರಿ 2025

ಅಪ್ಪಾ,

ನಾಲ್ಕು ತಿಂಗಳು ಬರೆಯಲಿಲ್ಲ. ಕೊನೆ ಕಾಣದೆ ಬರೆಯಬಾರದು ಅಂತಿದ್ದೆ.

ಅಕ್ಟೋಬರಿನಲ್ಲಿ ಪತ್ರಿಕೆಯವರು ನಿಮ್ಮ ಮೂರು ಪುಟದ ಫೋಟೋ ತೆಗೆದು ನನಗೂ ಸಾಹೇಬರಿಗೂ ಕಳಿಸಿದರು. ಮೂರು ಪ್ರಶ್ನೆ ಕೇಳಿದ್ದರು: ಇದು ಯಾವ ಭಾಷೆ, ಬರೆದವರು ಯಾರು, ನಿಮ್ಮ ಲೇಖನಕ್ಕೆ ಇದರ ಸಂಬಂಧ ಏನು?

ಅರ್ಧ ತಾಸಿನಲ್ಲಿ ಸಾಹೇಬರ ಫೋನು. "ತಲಿ ಕೆಟ್ಟ ಮುದುಕ, ಹಳೇ ಅಟೆಂಡರ್ ಅಂತ ಬರದಬಿಡು. ನಿನಗ ಕೈ ಮುಗೀತೀನಿ," ಅಂದರು. ಅವರ ಧ್ವನಿ ಅಷ್ಟು ಸಣ್ಣದಾದದ್ದು ನಾನು ಎಂದೂ ಕೇಳಿರಲಿಲ್ಲ.

ಮೊದಲ ಪ್ರಶ್ನೆಗೆ ಒಂದು ನಿಮಿಷ ಹಿಡಿಯಿತು. ಮೂರನೆಯದಕ್ಕೆ ನಿಮ್ಮ ಪತ್ರವನ್ನು ಸಾಲುಸಾಲಾಗಿ ಇಂಗ್ಲಿಷಿಗೆ ಮಾಡಿದೆ. ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ. ಆಗಸ್ಟಿನಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು ಅಂತಲೂ ಕೆಳಗೆ ಬರೆದೆ. ನಡುವಿನ ಪ್ರಶ್ನೆಗೆ ಇಡೀ ಒಂದು ದಿನ ಹಿಡಿಯಿತು. ಕೊನೆಗೆ ಬರೆದದ್ದು ಎರಡೇ ಸಾಲು. ಬರೆದವರ ಹೆಸರು ಅಮರೇಶಪ್ಪ. ಅವರು ನನ್ನ ತಂದೆ.

ಆಮೇಲಿನದು ನೀವು ಊಹಿಸಿದಂತೆಯೇ ಆಯಿತು. ಯೂನಿವರ್ಸಿಟಿಯವರು ವಿಚಾರಣೆ ಕೂಡಿಸಿದರು, ಎರಡು ಸಲ ಹೋಗಿ ಬಂದೆ. ಡಿಗ್ರಿ ವಾಪಸ್ ತಗೊಂಡಿದ್ದಾರೆ, ಜನವರಿಯಲ್ಲಿ ಕಾಗದ ಬಂತು. ಇನ್ನು ಮೇಲೆ ಲಕೋಟೆಯ ಮೇಲೆ ಡಾಕ್ಟರ್ ಅಂತ ಬರೆದು ಚುಚ್ಚಲು ನಿಮಗೆ ಬರುವುದಿಲ್ಲ. ಸಾಹೇಬರು ಮಾತು ಬಿಟ್ಟಿದ್ದಾರೆ. ಸದ್ಯ ಇಲ್ಲೇ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಒಂದೊಂದು ದಿನ ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತದೆ ಅಂದರೆ ಬಸ್ಸಿನಲ್ಲಿ ಕೂತಲ್ಲೇ ಹಲ್ಲು ಕಚ್ಚುತ್ತೇನೆ. ಕಣ್ಣು ಕಾಣುವುದಿಲ್ಲ ಅನ್ನುವ ಒಂದೇ ಒಂದು ಮಾತು ಆಗ ಹೇಳಿದ್ದರೆ! ಆಮೇಲೆ ನಾನು ಹೇಳಬೇಕಾಗಿದ್ದ ಒಂದೇ ಮಾತೂ ನೆನಪಾಗುತ್ತದೆ.

ನಿನ್ನೆ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಅವರು ಹಾಕಿದ್ದನ್ನು ಹಾಗೇ ಕನ್ನಡ ಮಾಡಿ ಬರೆಯುತ್ತೇನೆ:

"ಈ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆ. ಪ್ರಾಣಿಗಳ ರಕ್ತ ತೊಳೆಯುವ ಕೆಲಸವನ್ನು ಲೇಖಕರು ಮಾಡಿರಲಿಲ್ಲ. ದೃಷ್ಟಿದೋಷವಿದ್ದ, ಅನುಮತಿ ಪಡೆಯದ ವ್ಯಕ್ತಿಯೊಬ್ಬರು ಮಾಡಿದ್ದರು."

ಇಷ್ಟೇ. ವ್ಯಕ್ತಿಯೊಬ್ಬರು. ಲೇಖಕರಲ್ಲದವರ ಹೆಸರನ್ನು ಅಚ್ಚು ಹಾಕುವುದು ತಮ್ಮ ಪದ್ಧತಿಯಲ್ಲವಂತೆ. ಹಾಕಿ ಅಂತ ನಾನು ಮೂರು ಸಲ ಬರೆದೆ, ನೀವೇ ಕೇಳಿಕೊಂಡಿದ್ದೀರಿ ಅಂತಲೂ ಬರೆದೆ. ಮೂರು ಸಲವೂ ಮರ್ಯಾದೆಯಿಂದ ಇಲ್ಲ ಅಂದರು.

ನಿಮ್ಮ ಹೆಸರು ತೆಗೆದುಬಿಟ್ಟರು ಅಪ್ಪಾ. ಈ ಸಲ ತೆಗೆದವಳು ನಾನಲ್ಲ.

ಪಿಂಕಿ